‘ಹೆಂಗೂ ಎದ್ದೀಯಲ್ಲ’ ಎಂಬ ಟ್ರೇಲರ್

ಮೂವತ್ತಮೂರಕ್ಕೆ ನಿವೃತ್ತಿ ಎಂದರೆ ಧಾರವಾಡದ ನಮ್ಮ ಮಾಳಮಡ್ಡಿಯ ಹಿರಿಯರು ನಗುತ್ತಾರೆ. “ಪೆನ್ಷನ್ ಎಷ್ಟು ಕೊಡ್ತಾರೋ?” ಎಂದು ಕೇಳುತ್ತಾರೆ. ಆದರೆ ನಾನು ಮಾಡುತ್ತಿದ್ದ ಕೆಲಸಕ್ಕೆ ವಯಸ್ಸು ಬೇಗ ಆಗುತ್ತದೆ. ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೊದಲ್ಲಿ ಹತ್ತು ವರ್ಷ ಸಿನಿಮಾದ ದೃಶ್ಯಗಳನ್ನು ಕತ್ತರಿಸಿ ಜೋಡಿಸಿ ಟ್ರೇಲರ್ ಮಾಡಿದೆ. ಈಗ ಒಂದು ಶಾಲೆಗೆ ಪಾಠದ ವಿಡಿಯೊ ಮಾಡಿಕೊಡುತ್ತೇನೆ. ನಾನು ಬಿಟ್ಟ ಕುರ್ಚಿಗೆ ಇಬ್ಬರು ಹೊಸಬರು ಬಂದಿದ್ದಾರೆ. “ಸರ್, ಕೆಲಸ ಹೆಂಗ ಮಾಡಬೇಕು, ಒಂದೆರಡು ಮಾತು ಬರದು ಕೊಡ್ರಿ” ಎಂದರು. ಯಂತ್ರ ನಡೆಸುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ನನ್ನ ಗುರುಗಳು ಸ್ಟುಡಿಯೊದ ಮಾಲೀಕರಾದ ಪಾಟೀಲ ಕಾಕಾ. ಹರೆಯದಲ್ಲಿ ಅವರು ಆಟೋಕ್ಕೆ ಮೈಕ್ ಕಟ್ಟಿಕೊಂಡು ಓಣಿ ಓಣಿಯಲ್ಲಿ ಸಿನಿಮಾ ಸಾರುತ್ತಿದ್ದವರು. ಮೊದಲ ದಿನವೇ ನನಗೆ ಹೇಳಿದ್ದರು:

“ನೋಡು ವಿನಾಯಕ, ನಾ ಆಟೋದಾಗ ಕುಂತು ಕೂಗೂ ಮುಂದ ಒಂದೊಂದು ಓಣಿಗೆ ಒಂದೊಂದು ಸುಳ್ಳು ಹೇಳ್ತಿದ್ದೆ. ಹೆಣ್ಮಕ್ಕಳು ಕಟ್ಟಿ ಮ್ಯಾಲೆ ಕುಂತಿದ್ರ ಕಣ್ಣೀರಿನ ಕಥಿ ಅಂತಿದ್ದೆ. ಹುಡುಗೂರು ಕಂಡ್ರ ಹೊಡದಾಟ. ಮುದುಕರು ಇದ್ದಲ್ಲಿ ಭಕ್ತಿ. ಸಿನಿಮಾ ಒಂದ. ಈಗ ನೀವು ಊರೆಲ್ಲಾಕ್ಕೂ ಒಂದ ಸುಳ್ಳು ಹೇಳ್ತೀರಿ. ಅದು ಭಾಳ ಅವಘಡದ ಕೆಲಸ.”

“ಸುಳ್ಳು ಯಾಕ ಹೇಳಬೇಕ್ರಿ ಕಾಕಾ?”

“ಹೆಣ್ಣು ನೋಡಾಕ ಬಂದವರಿಗೆ ಉಪ್ಪಿಟ್ಟು ಚಹಾ ಕೊಡ್ತಾರ. ಹೋಳಗಿ ಊಟ ಹಾಕ್ತಾರೇನು? ಸುಳ್ಳಲ್ಲ ಅದು. ಉಪ್ಪಿಟ್ಟು.”

ಕೆಲಸಕ್ಕೆ ಸೇರುವ ಮುಂಚೆ ಓಣಿಯ ಕ್ರಿಕೆಟ್ಟಿಗೆ ನಾನೇ ಸ್ಕೋರ್ ಬರೆಯುತ್ತಿದ್ದವನು. ಅದೇ ಚಟ ಟಾಕೀಜಿಗೂ ಬಂತು. ನಾನು ಟ್ರೇಲರ್ ಕತ್ತರಿಸಿದ ಪ್ರತಿ ಸಿನಿಮಾದ ಮೊದಲ ಆಟಕ್ಕೆ ಹೋಗಿ, ಪಕ್ಕದ ಗೋಡೆಗೆ ಒರಗಿ, ಪರದೆ ನೋಡದೆ ಮಂದಿಯ ಮುಖ ನೋಡುತ್ತ ನಿಲ್ಲುತ್ತಿದ್ದೆ. ಕಿಸೆಯ ಪುಸ್ತಕದಲ್ಲಿ ಒಂದು ದೃಶ್ಯಕ್ಕೆ ಒಂದು ಹಾಳೆ. ನಗುವಿಗೆ ನಿಂತ ಗೆರೆ, ಚೀರಿದರೆ ಅಡ್ಡ ಗೆರೆ, ಮಾತು ಕೂಗಿದರೆ ಓರೆ ಗೆರೆ, ಫೋನು ಬೆಳಗಿದರೆ ಚುಕ್ಕಿ. ಕಾಕಾ ಇದನ್ನು ನೋಡಿ, “ಇವ ಸಿನಿಮಾಕ್ಕ ಹೋಗೂದಿಲ್ಲ, ಜನಗಣತಿಗೆ ಹೋಗ್ತಾನ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನಾನು ಎರಡು ಸಲ ದೊಡ್ಡದಾಗಿ ಎಡವಿದೆ. ಎರಡೂ ಸಲ ನಗಿಸುವ ದೆವ್ವದ ಸಿನಿಮಾಗಳೇ. ಇಂಥವು ನಿಮ್ಮ ಕೈಗೂ ಬರುತ್ತವೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲನೆಯದರಲ್ಲಿ ಒಬ್ಬ ಸತ್ತ ಕಾರ್ಪೊರೇಟರ್ ದೆವ್ವವಾಗಿ ಬಂದು, ತಾನು ಬದುಕಿದ್ದಾಗ ಅರ್ಧಕ್ಕೆ ನಿಲ್ಲಿಸಿದ್ದ ಗಟಾರವನ್ನು ರಾತ್ರಿಗೊಮ್ಮೆ ಉದ್ಘಾಟನೆ ಮಾಡುತ್ತಾನೆ. ಓಣಿಯವರು ಹೆದರಿ ಹೆದರಿ ಹಾರ ಹಾಕುತ್ತಾರೆ. ಓದಲು ನಗು ಬರುತ್ತದೆ. ಆದರೆ ಟ್ರೇಲರಿಗೆ ಕೂತಾಗ ನನಗೊಂದು ಕಷ್ಟ ಗೊತ್ತಾಯಿತು. ಹೆದರಿಕೆಗೆ ಒಂದು ಕ್ಷಣ ಸಾಕು: ಬಾಗಿಲು, ಕತ್ತಲೆ, ಒಂದು ಮುಖ. ನಗೆಗೆ ಮಾತ್ರ ಹಿಂದಿನ ಕಥೆ ಬೇಕು. ಗಟಾರ ಯಾಕೆ ನಿಂತಿತ್ತು, ಹಾರ ಯಾಕೆ ಹಾಕುತ್ತಾರೆ, ಇದೆಲ್ಲ ಗೊತ್ತಿದ್ದರೆ ಮಾತ್ರ ನಗು. ಎರಡು ನಿಮಿಷದಲ್ಲಿ ಅದು ಹಿಡಿಯುವುದಿಲ್ಲ. ಹಾಗಾಗಿ ಹೆದರಿಕೆಯನ್ನಷ್ಟೇ ಆರಿಸಿದೆ.

ಮೊದಲ ದಿನ ಹೆದರಬೇಕೆಂದೇ ಮಂದಿ ಬಂದರು. ತಾಯಂದಿರು ಮಕ್ಕಳ ಕಣ್ಣಿಗೆ ಸೆರಗು ಹಿಡಿದು ಕೂತರು. ದೆವ್ವ ರಿಬ್ಬನ್ ಕತ್ತರಿಸಿದಾಗ ಯಾರೂ ನಗಲಿಲ್ಲ. ಈಗ ಏನೋ ಆಗುತ್ತದೆ, ಈಗ ಏನೋ ಆಗುತ್ತದೆ ಎಂದು ಕಾದರು. ಆ ಕಾಯುವಿಕೆಯ ಮುಂದಿನಿಂದ ನಗೆಗಳೆಲ್ಲ ಒಂದೊಂದಾಗಿ ನಡೆದುಹೋದವು. ಮಧ್ಯಂತರದಲ್ಲಿ ಒಬ್ಬ ಹಿರಿಯರು ನನ್ನನ್ನು ಟಾಕೀಜಿನವನೆಂದು ತಿಳಿದು ಕೇಳಿದರು:

“ದೆವ್ವ ಯಾವಾಗ ಬರ್ತದ್ರಿ?”

“ಬಂದೈತಲ್ರಿ, ಆಗಲೇ.”

“ಅದ್ರಿ? ಅಂಥಾವ ನಮ್ಮ ವಾರ್ಡಿನ್ಯಾಗ ಜೀವಂತ ಅದಾನ.”

ಅವರು ಹೇಳಿದ್ದೇ ಇಡೀ ಸಿನಿಮಾದ ತಿರುಳು. ಆದರೂ ಅವರು ಮೋಸ ಹೋದವರ ಮುಖ ಮಾಡಿಕೊಂಡು ಎದ್ದು ಹೋದರು. ಆ ದಿನದ ಹಾಳೆಗಳಲ್ಲಿ ನಗುವಿನ ಗೆರೆ ಒಂದು ಕೈ ಬೆರಳಿನಷ್ಟೂ ಇರಲಿಲ್ಲ. ಇನ್ನು ಮೇಲೆ ನಗುವನ್ನು ಮುಚ್ಚಿಡಬಾರದು ಎಂದು ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ. ಎರಡನೆಯ ತಪ್ಪು ಹುಟ್ಟಿದ್ದು ಈ ಪಾಠದಿಂದಲೇ.

ಮಲ್ಲು ನನ್ನ ಓರಗೆಯವನು, ಉಣಕಲ್ಲಿನವನು. ಅವನು ತೆಗೆದ ಮೊದಲ ಸಿನಿಮಾದ ಹೆಸರು ‘ಒಲಿ ಮುಂದ’. ಒಂದು ದೊಡ್ಡ ಮನೆ. ದುಡಿದು ದುಡಿದು ಸೊಸೆ ಸತ್ತಿದ್ದಾಳೆ. ಹದಿಮೂರನೆಯ ದಿನ ಕಳೆದ ಮೇಲೆ ಕತ್ತಲ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಲು ಶುರುವಾಗುತ್ತದೆ. ಮೊದಲ ರಾತ್ರಿ ಮನೆಮಂದಿ ನಡುಗುತ್ತಾರೆ. ಬೆಳಿಗ್ಗೆ ನೋಡಿದರೆ ಬುಟ್ಟಿ ತುಂಬ ರೊಟ್ಟಿ. ಎರಡನೆಯ ರಾತ್ರಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೂರನೆಯ ರಾತ್ರಿ ಅತ್ತೆ ಹಾಸಿಗೆಯಲ್ಲಿ ಹೊರಳಿ, ಕಣ್ಣು ತೆರೆಯದೆ, ಅಡುಗೆಮನೆಯ ಕಡೆ ಕೂಗುತ್ತಾಳೆ: “ಹೆಂಗೂ ಎದ್ದೀಯಲ್ಲ, ನಾಕು ರೊಟ್ಟಿ ಹೆಚ್ಚಿಗಿ ಬಡಿ. ನಾಳೆ ಬೀಗರು ಬರೋರದಾರ.”

ಸ್ಟುಡಿಯೊದಲ್ಲಿ ಇದನ್ನು ನೋಡಿದಾಗ ಕಾಕಾ ಚಹಾ ಚೆಲ್ಲಿಕೊಂಡು ನಕ್ಕರು. ನಾನೂ ನಕ್ಕೆ. ಮಲ್ಲು ನಗಲಿಲ್ಲ, ನಮ್ಮನ್ನು ನೋಡುತ್ತಿದ್ದ. ಸಿನಿಮಾದ ಕೊನೆಗೆ ಸತ್ತವಳ ತಾಯಿ ಬುತ್ತಿ ಕಟ್ಟಿಕೊಂಡು ಆ ಮನೆಗೆ ಬರುತ್ತಾಳೆ. ಒಲೆಯ ಬೆಳಕಿನಲ್ಲಿ ಮಗಳ ಎರಡು ಕೈ ಮಾತ್ರ ಕಾಣುತ್ತವೆ. ಬಡಿಯುತ್ತಲೇ ಇವೆ. ತಾಯಿ ಪಕ್ಕದಲ್ಲಿ ಕೂತು, “ಸಾಕು, ಏಳವ್ವಾ, ಮನಿಗೆ ಹೋಗೂಣು” ಎನ್ನುತ್ತಾಳೆ. ಸಪ್ಪಳ ನಿಲ್ಲುತ್ತದೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

“ನಮ್ಮ ಶಾಂತಕ್ಕನ ಸಲುವಾಗಿ ತಗದೇನಿ ಇದನ್ನ” ಎಂದ ಮಲ್ಲು. ಶಾಂತಕ್ಕ ಅವನ ಅಕ್ಕ, ಗಂಡನ ಮನೆಯಲ್ಲಿ ತೀರಿಕೊಂಡು ಬಹಳ ವರ್ಷವಾಗಿತ್ತು. “ಮೊದಲ ಆಟಕ್ಕ ಅವ್ವನ್ನ ಕರಕೊಂಡು ಬರ್ತೇನಿ. ಉಳದದ್ದಕ್ಕ ಮಂದಿ ನಗಲಿ, ಬೈಯಲಿ. ಆ ಸಪ್ಪಳ ನಿಲ್ಲೂ ಮುಂದ ಮಾತ್ರ ಟಾಕೀಜಿನಾಗ ಒಬ್ಬರೂ ಕಿಮಕ್ ಅನಬಾರದು. ನನಗ ಅಷ್ಟ ಸಾಕು.”

ಟ್ರೇಲರಿಗೆ ಅತ್ತೆಯ ಮಾತು ಬೇಕೇ ಬೇಕು ಎಂದೆ. ಮಲ್ಲು ಅನುಮಾನಿಸಿದ. ಆ ಮಾತು ಮೊದಲೇ ಕೇಳಿಬಿಟ್ಟರೆ ಟಾಕೀಜಿನಲ್ಲಿ ಏನು ಉಳಿಯುತ್ತದೆ ಎಂದ. ನಾನು ಗಟಾರದ ದೆವ್ವದ ಹಾಳೆಗಳನ್ನು ತೆಗೆದು ಅವನ ಮುಂದೆ ಹರಡಿದೆ. “ನೋಡು, ನಗಬಹುದು ಅಂತ ಮೊದಲ ಹೇಳಲಿಲ್ಲಾ ಅಂದ್ರ ನಗೂದಿಲ್ಲ ಮಂದಿ. ನಗಲಿಲ್ಲಾ ಅಂದ್ರ ಕೊನಿಗೆ ಅಳೂದೂ ಇಲ್ಲ.” ಗೆರೆಗಳನ್ನು ಕಂಡು ಅವನು ಒಪ್ಪಿಕೊಂಡ. ಲೆಕ್ಕ ಬರೆದಿಟ್ಟವನ ಮಾತಿಗೆ ಒಂದು ತೂಕವಿರುತ್ತದೆ, ಆ ಲೆಕ್ಕ ಬೇರೊಂದು ಸಿನಿಮಾದ್ದೇ ಆಗಿದ್ದರೂ.

ಕತ್ತರಿಸುವಾಗ ಒಂದು ಅಡಚಣೆ ಬಂತು. ಅತ್ತೆಯ ಮಾತು ಮುಗಿದೊಡನೆ ಬಡಿಯುವ ಕೈ ತೋರಿಸಿದರೆ ನಗೆ ಇಮ್ಮಡಿಯಾಗುತ್ತದೆ. ಆದರೆ ಆ ದೃಶ್ಯದಲ್ಲಿ ಕೈಗಳೇ ಇಲ್ಲ, ಕತ್ತಲೆ ಮತ್ತು ಸಪ್ಪಳ ಮಾತ್ರ. ಇಡೀ ಸಿನಿಮಾದಲ್ಲಿ ಕೈ ಚೆನ್ನಾಗಿ ಕಾಣುವುದು ಕೊನೆಯ ದೃಶ್ಯದಲ್ಲಿ. ಅಲ್ಲಿಂದ ತೆಗೆದು ಇಲ್ಲಿ ಅಂಟಿಸಿದೆ. ನಮ್ಮ ಕಸುಬಿನಲ್ಲಿ ಇದು ದಿನದ ಕೆಲಸ, ಒಂದು ಕಡೆಯ ನೋಟವನ್ನು ಇನ್ನೊಂದು ಕಡೆಯ ಮಾತಿಗೆ ಜೋಡಿಸುವುದು. ಯಾರನ್ನೂ ಕೇಳುವ ಪದ್ಧತಿಯಿಲ್ಲ. ಸಿನಿಮಾದ ಹೆಸರು ಬಂದ ಮೇಲೆ ಮಾತನ್ನೂ ಕೈಯನ್ನೂ ಮತ್ತೊಮ್ಮೆ ಹಾಕಿದೆ. ಮಲ್ಲು ನೋಡಿ, “ಛಲೋ ಆಗೇತಿ” ಎಂದ. ಕೈ ಎಲ್ಲಿಯದೆಂದು ಅವನಿಗೂ ಹೊಳೆಯಲಿಲ್ಲ.

ಟ್ರೇಲರ್ ಬಿಟ್ಟ ವಾರದಲ್ಲಿ ಆ ಮಾತು ಊರೆಲ್ಲ ಹಬ್ಬಿತು. ಮೊದಲೆಲ್ಲ ಮಂದಿಯ ಮುಖ ನೋಡಿ ತಿಳಿಯಬೇಕಿತ್ತು, ಈಗ ಫೋನು ನೋಡಿದರೆ ಸಾಕು. ಸಪ್ತಾಪುರದ ಬಾಡಿಗೆ ಖೋಲಿಗಳಲ್ಲಿ ಹುಡುಗರು ಅತ್ತೆಯ ಹಾಗೆ ಹೊರಳಿ ರೀಲ್ ಮಾಡಿದರು. ಖಾನಾವಳಿಯಲ್ಲಿ ಗಿರಾಕಿಗಳು ಬಡಿಸುವವಳಿಗೆ ಅದನ್ನೇ ಅಂದರು. ನಾನು ಸಿಕ್ಕಿದ್ದನ್ನೆಲ್ಲ ಬರೆದಿಟ್ಟೆ. ಎದೆಯುಬ್ಬಿ ಬರೆದಿಟ್ಟೆ ಎನ್ನಬೇಕು.

ನಮ್ಮ ಮನೆಗೂ ಅದು ಬಂತು. ಊಟಕ್ಕೆ ಕೂತಾಗ ವೈನಿ, ಎಂದರೆ ನಮ್ಮ ಅಣ್ಣನ ಹೆಂಡತಿ, ನೀರು ತರಲು ಎದ್ದರು. ಅಣ್ಣ ತಟ್ಟನೆ, “ಹೆಂಗೂ ಎದ್ದೀಯಲ್ಲ” ಎಂದ. ಎಲ್ಲರೂ ನಕ್ಕೆವು. ವೈನಿಯೂ ನಕ್ಕರು. ಮರುದಿನ ನನಗೊಬ್ಬನಿಗೇ ಬಡಿಸುವಾಗ ಕೇಳಿದರು:

“ಅತ್ತಿ ಹಂಗಂದ್ರ ಅಕಿ ಏನಂತಾಳ್ರಿ ನಿಮ್ಮ ಸಿನಿಮಾದಾಗ?”

“ಏನೂ ಅನ್ನೂದಿಲ್ಲ ವೈನಿ. ಬಡೀತಾಳ.”

“ಹಂಗಾರ ದೆವ್ವ ಯಾಕ ಆಗಬೇಕಿತ್ತು? ಬದಕಿದ್ದಾಗನೂ ಅದನ್ನ ಮಾಡ್ತಿದ್ಲಲ್ಲ.”

ಅವರ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ, ಒಳ್ಳೆಯ ಡೈಲಾಗು ಎಂದು. ಅಷ್ಟೇ ಅರ್ಥವಾದದ್ದು.

ಶುಕ್ರವಾರ, ಹುಬ್ಬಳ್ಳಿ, ಮೊದಲ ಆಟ. ಟಾಕೀಜು ಭರ್ತಿ. ಮಲ್ಲು ತನ್ನ ಅವ್ವನನ್ನು ಗೋಡೆಯ ಕಡೆಯ ಕುರ್ಚಿಯಲ್ಲಿ ಕೂರಿಸಿದ, ನಾನು ನಿಲ್ಲುವ ಜಾಗದ ಪಕ್ಕಕ್ಕೆ. ಇಳಕಲ್ ಸೀರೆ, ಕೈಯಲ್ಲಿ ಎಲೆಅಡಿಕೆಯ ಚೀಲ. ಟಾಕೀಜಿಗೆ ಬರದೆ ಎಷ್ಟೋ ವರ್ಷವಾಗಿತ್ತಂತೆ. “ನೀನೂ ಕುಂದರಪಾ, ಎಷ್ಟೊತ್ತು ನಿಂದರ್ತಿ?” ಎಂದರು. ನನ್ನ ಕೆಲಸವೇ ಹೀಗೆ ಎಂದೆ.

ಅತ್ತೆ ಹೊರಳಿದ ಕೂಡಲೇ, ಅವಳು ಬಾಯಿ ತೆರೆಯುವ ಮುಂಚೆಯೇ, ಇಡೀ ಟಾಕೀಜು ಆ ಮಾತನ್ನು ಹೇಳಿತು. ಸಿಳ್ಳೆ. “ಒನ್ಸ್ ಮೋರ್” ಎಂದು ಕೂಗು. ನನ್ನ ಪೆನ್ಸಿಲ್ ಓಡುತ್ತಿತ್ತು. ಅಲ್ಲಿಂದ ಮುಂದೆ ದೆವ್ವದ ಸುಳಿವು ಸಿಕ್ಕಾಗಲೆಲ್ಲ ಅದೇ ಮಾತು. ಹೆದರಬೇಕಾದಲ್ಲಿಯೂ ಅದೇ. ತಮಗೆ ಬೇಕಾದ ಸಿನಿಮಾ ಯಾವುದೆಂದು ಮಂದಿ ಮನೆಯಲ್ಲೇ ತೀರ್ಮಾನಿಸಿ ಬಂದಿದ್ದರು. ಆ ತೀರ್ಮಾನವನ್ನು ಅವರ ಕೈಗೆ ಕೊಟ್ಟವನು ನಾನು.

ಕೊನೆಯ ದೃಶ್ಯ ಬಂತು. ತಾಯಿ ಬುತ್ತಿಯ ಗಂಟು ಹಿಡಿದು ಒಳಗೆ ಬಂದಳು. ಮಂದಿ ಸ್ವಲ್ಪ ತಣ್ಣಗಾದರು. ನನಗೆ ಧೈರ್ಯ ಬಂತು. ಆಮೇಲೆ ಒಲೆಯ ಬೆಳಕಿನಲ್ಲಿ ಆ ಕೈಗಳು ಕಂಡವು.

ಬಾಲ್ಕನಿಯಿಂದ ಒಬ್ಬ ಕೂಗಿದ: “ಹೆಂಗೂ ಎದ್ದೀಯಲ್ಲ.” ಅರ್ಧ ಟಾಕೀಜು ಪೂರ್ತಿ ಮಾಡಿತು: “ನಾಕು ರೊಟ್ಟಿ ಹೆಚ್ಚಿಗಿ ಬಡಿ.” ಆಗ ನನಗೆ ತಿಳಿಯಿತು. ತಪ್ಪು ಅವರದಲ್ಲ. ಈ ಕೈ ಕಂಡರೆ ಈ ಮಾತು ಎಂದು ನಾನೇ ಕಲಿಸಿದ್ದೆ, ಒಂದು ಟ್ರೇಲರಿನಲ್ಲಿ ಎರಡೆರಡು ಸಲ. ತಾಯಿ ಏನೋ ಅಂದಳು, ಕೇಳಲಿಲ್ಲ. ಸಪ್ಪಳ ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ದೀಪ ಹತ್ತಿದವು. ಮಂದಿ ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, “ಮಸ್ತ್ ಐತಿ” ಎನ್ನುತ್ತ ಹೊರಟರು. ಹಾಳೆಯ ತುಂಬ ಓರೆ ಗೆರೆಗಳಿದ್ದವು. ಅಷ್ಟು ತುಂಬಿದ ಹಾಳೆ ನನ್ನ ಹತ್ತು ವರ್ಷದಲ್ಲಿ ಬೇರೊಂದಿಲ್ಲ.

ಮಲ್ಲು ನನ್ನ ಮುಖ ನೋಡದೆ ಕೇಳಿದ: “ಆ ಕೈ ಅಲ್ಲಿಂದ ತೊಗೊಂಡಿದ್ದೇನು?”

“ಹೂಂ.”

ಅವನು ಬೈದಿದ್ದರೆ ಹಗುರಾಗುತ್ತಿತ್ತು. ಆಟೋ ಕರೆಯಲು ಹೋದ. ಅವನ ಅವ್ವ ಮೆಟ್ಟಿಲ ಮೇಲೆ ನನ್ನ ಪಕ್ಕ ನಿಂತಿದ್ದರು. ಚೀಲದಿಂದ ಅಡಿಕೆ ತೆಗೆದು, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೇಳಿದರು:

“ಆ ಮಾತು ಖರೇನ ಅಂದಿದ್ಲಪಾ ನಮ್ಮ ಬೀಗತಿ. ಶಾಂತಾ ಜ್ವರ ಬಂದು ನೀರು ಕುಡ್ಯಾಕ ಎದ್ದಿದ್ಲಂತ. ಪಂಚಮಿಗೆ ಮನಿಗೆ ಬಂದಾಗ ಅಕಿನ ಹೇಳಿದ್ಲು, ಅವರ ಅತ್ತಿ ಹಂಗ ದನಿ ಮಾಡಿ, ನಕ್ಕೋತ. ನಾನೂ ನಕ್ಕಿದ್ದೆ. ಬಿದ್ದು ಬಿದ್ದು ನಕ್ಕಿದ್ದೆ ಆವತ್ತು.”

ನಾನು ಪುಸ್ತಕ ಮುಚ್ಚಿ ಕಿಸೆಯಲ್ಲಿಟ್ಟೆ.

“ಮಂದಿ ನಕ್ಕರ ತಪ್ಪಿಲ್ಲ ಬಿಡು” ಎಂದು ನನ್ನ ತೋಳು ಮುಟ್ಟಿದರು. “ನೀ ಊಟ ಮಾಡಿಯೋ ಇಲ್ಲೋ?”

ಸೋಮವಾರ ಕಾಕಾ ಪೇಡೆ ತರಿಸಿದ್ದರು. ಟ್ರೇಲರಿನಿಂದಲೇ ಸಿನಿಮಾ ಓಡುತ್ತಿದೆ ಎಂದು ನನ್ನ ಬೆನ್ನು ತಟ್ಟಿದರು. ಪೇಡೆ ಬಾಯಲ್ಲಿಟ್ಟುಕೊಂಡೇ ನಾನು ಹೊಸ ಟ್ರೇಲರ್ ಮಾಡುತ್ತೇನೆ ಎಂದೆ. ಮಾಡಿದೆ. ಅದರಲ್ಲಿ ಅತ್ತೆಯಿಲ್ಲ, ಮಾತಿಲ್ಲ, ಕೈಯಿಲ್ಲ. ಕತ್ತಲೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಕೊನೆಗೆ ಹೆಸರು. ಅಷ್ಟೇ.

ಕಾಕಾ ನೋಡಿ ಕನ್ನಡಕ ತೆಗೆದರು. “ಇದ್ರಾಗ ಏನೈತೋ?”

“ಏನೂ ಇಲ್ರಿ.”

“ಇದನ್ನ ನೋಡಿ ಯಾರೂ ಬರೂದಿಲ್ಲ. ಇದು ಸಿನಿಮಾದ ಸಲುವಾಗಿ ಅಲ್ಲ, ನಿನ್ನ ಸಲುವಾಗಿ ಮಾಡಾಕತ್ತೀ. ಮಾಡ್ಕೋ ಹೋಗು.”

ಹಳೆಯದನ್ನು ತೆಗೆದು ಹೊಸ ಟ್ರೇಲರ್ ಬಿಟ್ಟೆವು, ಕಾಕಾ ಹೇಳಿದ್ದೇ ಆಯಿತು. ರೀಲಿನ ಹುಡುಗರು ಹೊಸ ಮಾತು ಹುಡುಕಿಕೊಂಡು ಹೋದರು. ಮೂರನೆಯ ವಾರ ಧಾರವಾಡದಲ್ಲಿ ಬೆಳಗಿನ ಆಟವೊಂದೇ ಉಳಿಯಿತು. ನಾನು ಹೋದೆ. ಮಲ್ಲುವೂ ಬಂದಿದ್ದ, ಒಬ್ಬನೇ. ಅವ್ವ ಬರಲಿಲ್ಲವೇ ಎಂದು ಕೇಳಿದೆ.

“ಕರದೆ. ‘ಒಮ್ಮೆ ನೋಡೇನಲ್ಲೋ’ ಅಂದ್ಲು.”

ಒಳಗೆ ಇಪ್ಪತ್ತು ಮಂದಿಯೂ ಇರಲಿಲ್ಲ. ಗೋಡೆಗೆ ಒರಗಿ ನಿಂತೆ. ಅತ್ತೆಯ ಮಾತಿಗೆ ನಗು ಬಂತು, ಬರಬೇಕಾದಷ್ಟು, ಆಮೇಲೆ ತಾನಾಗಿಯೇ ನಿಂತಿತು. ಸಾಮಾನ್ಯವಾಗಿ ಪರದೆಗೆ ಬೆನ್ನು ಕೊಡುವ ನಾನು ಕೊನೆಯ ದೃಶ್ಯಕ್ಕೆ ಹೊರಳಿ ನೋಡಿದೆ. ಹೊಸ ಹಾಳೆ ತೆರೆದುಕೊಂಡಿದ್ದೆ. ಬುತ್ತಿಯ ಗಂಟು. ಒಲೆಯ ಬೆಳಕು. ಕೈಗಳು. ಯಾರೂ ಕೂಗಲಿಲ್ಲ. ಯಾರ ಫೋನೂ ಬೆಳಗಲಿಲ್ಲ. “ಸಾಕು, ಏಳವ್ವಾ” ಎಂದದ್ದು ಹಿಂದಿನ ಸಾಲಿನವರೆಗೂ ಕೇಳಿತು. ಸಪ್ಪಳ ನಿಂತಿತು. ನಿಂತದ್ದು ಎಲ್ಲರಿಗೂ ಕೇಳಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ದೀಪ ಹತ್ತಿದ ಮೇಲೂ ಏಳಲಿಲ್ಲ.

ಮಲ್ಲು ನನ್ನ ಹತ್ತಿರ ಬಂದು ಪುಸ್ತಕ ಇಸಿದುಕೊಂಡ. ಕೊನೆಯ ದೃಶ್ಯದ ಹಾಳೆ ಖಾಲಿ ಇತ್ತು. ಅದನ್ನು ಹರಿದು, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡ.

“ಅವ್ವಗ ತೋರಸ್ತೇನಿ.”

“ಅದ್ರಾಗ ಏನೂ ಬರದಿಲ್ಲಲ್ಲೋ.”

“ಅದಕ್ಕ ತೋರಸ್ತೇನಿ” ಎಂದ. ಮೂರು ವಾರದ ನಂತರ ಮೊದಲ ಸಲ ನನ್ನ ಮುಖ ನೋಡಿದ. ಆಗ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಆ ತಿಂಗಳ ಕೊನೆಗೆ ಕಾಕಾರಿಗೆ ಹೇಳಿ ಕೆಲಸ ಬಿಟ್ಟೆ.

ಹೊಸಬರಿಗೆ ನಾನು ಕೊಡಬಹುದಾದ ಬುದ್ಧಿ ಸಣ್ಣದು. ಯಾವ ನೋಟವನ್ನು ಎಲ್ಲಿಂದ ಕಿತ್ತಿರೋ, ಮಂದಿ ಅಲ್ಲಿಗೆ ಬಂದಾಗ ಏನು ನೆನೆಯುತ್ತಾರೆ ಎಂದು ಒಮ್ಮೆ ಯೋಚಿಸಿ. ಟ್ರೇಲರಿನಲ್ಲಿ ಕಂಡದ್ದನ್ನು ಟಾಕೀಜಿನಲ್ಲಿ ಮರೆಸಲು ಬರುವುದಿಲ್ಲ. ಹಾಗೆಂದು ಮುಚ್ಚಿಟ್ಟರೂ ಕೆಟ್ಟೀತು, ಗಟಾರದ ದೆವ್ವವನ್ನು ನೆನೆಯಿರಿ. ಇದಕ್ಕೆ ನಡುವಿನ ದಾರಿ ಯಾವುದೆಂದು ನನಗೆ ಗೊತ್ತಾಗಿದ್ದರೆ ಇನ್ನೂ ಆ ಕುರ್ಚಿಯಲ್ಲೇ ಇರುತ್ತಿದ್ದೆ.

ಆ ಹಾಳೆಯನ್ನು ಅವ್ವ ಶಾಂತಕ್ಕನ ಫೋಟೊದ ಹಿಂದೆ ಇಟ್ಟಿದ್ದಾರಂತೆ. ಅದರಲ್ಲಿ ಒಂದು ಓರೆ ಗೆರೆ ಇರಬೇಕಿತ್ತು. ಒಲೆಯ ಬೆಳಕಿನಲ್ಲಿ ಆ ಕೈ ಕಂಡಾಗ, ಇದ್ದಷ್ಟು ಮಂದಿ ಉಸಿರು ಹಿಡಿದು ಕೂತಿದ್ದಾಗ, ನನ್ನ ತುಟಿ ಸದ್ದಿಲ್ಲದೆ ಆಡಿತ್ತು: ಹೆಂಗೂ ಎದ್ದೀಯಲ್ಲ.